ಡಬ್ಬಿಯಲ್ಲಿದ್ದ ಕೊನೆಯ ಹಾಳೆ

ಮೂಡಿಗೆರೆಯಲ್ಲಿ ನನ್ನನ್ನು ಎಲ್ಲರೂ ಗುರುತಿಸುತ್ತಿದ್ದದ್ದು ಕಾಮಿಕ್ಸ್ ಹುಚ್ಚಿನ ಸೊಸೆ ಎಂದು. ಹಾಲು ತರಲು ಹೋದರೂ, ಖಾರದ ಪುಡಿ ಮಾಡಿಸಲು ಗಿರಣಿಗೆ ಹೋದರೂ, ಈ ಸಲ ಯಾವ ಪುಸ್ತಕ ಸಿಕ್ಕಿತು ಎಂದು ಕೇಳಿ ನಗುವವರು ಒಬ್ಬರಾದರೂ ಇರುತ್ತಿದ್ದರು. ಆ ಹೆಸರಿನಲ್ಲಿ ಅರ್ಧ ಮಾತ್ರ ನನಗೆ ಸೇರಬೇಕಾದದ್ದು. ಉಳಿದರ್ಧ ನನ್ನ ಮಾವನವರದು. ಆದರೆ ಆಗ ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ.

ಮಾವನವರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಪಾಠದ ಪುಸ್ತಕದೊಳಗೆ ಕಾಮಿಕ್ಸ್ ಅಡಗಿಸಿಕೊಂಡು ಓದುವ ಮಕ್ಕಳನ್ನು ಸದ್ದಿಲ್ಲದೆ ಹಿಂದಿನಿಂದ ಬಂದು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಕಸಿದುಕೊಂಡದ್ದನ್ನು ಹರಿದು ಒಲೆಗೆ ಹಾಕುತ್ತಾರೆ ಎಂದು ಊರೆಲ್ಲ ನಂಬಿತ್ತು. ನಾನು ಮದುವೆಯಾಗಿ ಬಂದ ಮೊದಲ ವರ್ಷ ಅಟ್ಟ ಗುಡಿಸುವಾಗ ಒಂದು ಟ್ರಂಕು ಸಿಕ್ಕಿತು. ತೆಗೆದು ನೋಡಿದರೆ ತುಂಬ ಕಾಮಿಕ್ಸ್. ಒಂದೊಂದರ ರಟ್ಟಿನ ಮೇಲೂ ಕೆಂಪು ಶಾಯಿಯಲ್ಲಿ ಮಗುವಿನ ಹೆಸರು, ತರಗತಿ, ಕಸಿದುಕೊಂಡದ್ದು ಯಾವ ಪೀರಿಯಡ್ಡಿನಲ್ಲಿ ಎಂಬ ವಿವರ. ಒಂದೊಂದರ ಮಡಿಕೆಯಲ್ಲೂ ನಸ್ಯದ ಪುಡಿ. ನಮ್ಮ ಮನೆಯಲ್ಲಿ ನಸ್ಯ ಏರಿಸುವವರು ಒಬ್ಬರೇ ಇದ್ದರು. ನಾನು ಟ್ರಂಕನ್ನು ಮುಚ್ಚಿ, ಮೇಲಿನ ಧೂಳನ್ನಷ್ಟೇ ಒರೆಸಿ ಇಳಿದು ಬಂದೆ.

ಆಮೇಲೆ ನಮ್ಮಿಬ್ಬರ ನಡುವೆ ತಾನಾಗಿ ಒಂದು ಏರ್ಪಾಟು ಬೆಳೆಯಿತು. ನಾನು ಕಾಮಿಕ್ಸ್ ಕೊಂಡು ತಂದು, ಓದಿ, ರೇಡಿಯೋದ ಮೇಲೆ ಇಡುತ್ತಿದ್ದೆ. ಮಧ್ಯಾಹ್ನದ ಊಟವಾದ ಮೇಲೆ ಅದು ಅಲ್ಲಿರುತ್ತಿರಲಿಲ್ಲ. ನಾಲ್ಕು ಗಂಟೆಯ ಕಾಫಿಗೆ ನಾನು ಹಾಲು ಕಾಯಿಸುವ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಮಗ್ಗುಲಲ್ಲಿ ಬಂದು ಕೂತಿರುತ್ತಿತ್ತು. ನಸ್ಯದ ವಾಸನೆ ಮಾತ್ರ ಹೆಚ್ಚುವರಿ. ಆ ಬಗ್ಗೆ ನಾವಿಬ್ಬರೂ ಒಂದು ಮಾತು ಆಡಿದವರಲ್ಲ. ಮಾವನವರು ಕಾಮಿಕ್ಸ್ ಓದುವುದಿಲ್ಲ ಎಂಬುದು ನಮ್ಮ ಮನೆಯ ನಿಯಮವಾಗಿತ್ತು.

ಪುಸ್ತಕಗಳೆಲ್ಲ ಬರುತ್ತಿದ್ದದ್ದು ಕಾಮಿಕ್ಸ್ ಮೇಳದಿಂದ. ಮೇಳ ಎನ್ನುವುದು ದೊಡ್ಡ ಮಾತಾಯಿತು. ತೊಂಬತ್ತರ ದಶಕದ ಆ ವರ್ಷಗಳಲ್ಲಿ, ಕಾಫಿ ಕೊಯ್ಲು ಮುಗಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳೆಲ್ಲ ಸಿಪ್ಪೆ ತೆಗೆಯುವ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೇಲೆ, ಪೇಟೆಯ ಒಂದು ಗೋಡೌನು ಖಾಲಿ ಬೀಳುತ್ತಿತ್ತು. ಯುಗಾದಿಗೆ ಮುಂಚಿನ ಒಂದು ಭಾನುವಾರ ಹಳೇ ಕಾಮಿಕ್ಸ್ ಮಾರುವ ಮೂವರು ಅಲ್ಲಿ ಟಾರ್ಪಾಲು ಹಾಸಿ ಕೂರುತ್ತಿದ್ದರು. ಅಷ್ಟೇ ಮೇಳ. ಆದರೆ ವಸ್ತಾರೆಯಿಂದ, ಮಲ್ಲಂದೂರಿನಿಂದ ಕೂಡ ಜನ ಬರುತ್ತಿದ್ದರು. ಅರ್ಧ ಜನ ಬೆಳೆಗಾರರೇ. ಒಂದು ಕಣ್ಣು ಪುಸ್ತಕದ ಮೇಲೆ, ಇನ್ನೊಂದು ಬಾಗಿಲಾಚೆಯ ಆಕಾಶದ ಮೇಲೆ. ಒಂದು ವರ್ಷ ನಡುಮಧ್ಯಾಹ್ನ ಹೂಮಳೆ ಸುರಿದು, ಕಾಫಿ ಗಿಡ ಹೂ ಬಿಡುತ್ತದೆಂಬ ಸಂತೋಷಕ್ಕೆ ಎಲ್ಲರೂ ಕೈಲಿದ್ದ ಪುಸ್ತಕ ಅಲ್ಲೇ ಹಾಕಿ ತೋಟಕ್ಕೆ ಓಡಿದ್ದರು.

ಮೂವರಲ್ಲಿ ಚಿಕ್ಕಮಗಳೂರಿನ ಗುಜರಿಯವರು ಕಾಮಿಕ್ಸನ್ನು ತೂಕಕ್ಕೆ ಮಾರುತ್ತಿದ್ದರು. ಕಾಫಿ ಚೀಲ ತೂಗುವ ಕೊಕ್ಕೆ ತಕ್ಕಡಿಯನ್ನೇ ತಂದು ತೊಲೆಗೆ ನೇತುಹಾಕುತ್ತಿದ್ದರಿಂದ ನಾಲ್ಕು ಪುಸ್ತಕಕ್ಕೆ ಅದರ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಮುಳ್ಳು ಅಲ್ಲಾಡುವಷ್ಟು ತಗೊಳ್ಳಿ ಎಂದು ಅವರು, ಅಲ್ಲಾಡಲಿಲ್ಲ ಅಂದ ಮೇಲೆ ಪುಕ್ಕಟೆ ಕೊಡಿ ಎಂದು ನಾವು. ಕಳಸದಿಂದ ಬರುತ್ತಿದ್ದ ಟೈಲರ್ ಅಕ್ಕ ಹರಿದ ಕಾಮಿಕ್ಸಿಗೆ ಮೆಷಿನ್ನಿನಲ್ಲಿ ಅಂಚು ಹೊಲಿದು, ಶರ್ಟಿನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಡುತ್ತಿದ್ದಳು. ಮುಟ್ಟುವ ಮೊದಲು ಕೈ ತೋರಿಸಬೇಕು. ಬೋಂಡ ತಿಂದ ಕೈಯಾದರೆ ಹೊರಗಿನ ನಲ್ಲಿಗೆ ಕಳಿಸುತ್ತಿದ್ದಳು, ದೊಡ್ಡ ಎಸ್ಟೇಟಿನ ಧಣಿಯಾದರೂ ಸರಿ. ಮೂರನೆಯವರು ನಮ್ಮೂರಿನ ಜೀಪ್ ಮೆಕ್ಯಾನಿಕ್ ಸಾಬರು. ಅವರ ಪುಸ್ತಕಗಳ ಮೇಲೆಲ್ಲ ಗ್ರೀಸಿನ ಹೆಬ್ಬೆರಳ ಗುರುತು. ಟೈಲರ್ ಅಕ್ಕ ಅವರ ಟಾರ್ಪಾಲಿನಿಂದ ಎರಡು ಮಾರು ದೂರ ಕೂರುತ್ತಿದ್ದಳು.

ಕೊನೆಯ ಹಾಳೆಯ ಪದ್ಧತಿ ತಂದದ್ದು ಈ ಸಾಬರೇ. ಜನ ಟಾರ್ಪಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಇಡೀ ಪುಸ್ತಕ ಓದಿ ಮುಗಿಸಿ, ಏನೂ ಚೆನ್ನಾಗಿಲ್ಲ ಎಂದು ವಾಪಸು ಇಟ್ಟು ಹೋಗುತ್ತಿದ್ದರು. ಅದಕ್ಕೆ ಸಾಬರು ಪ್ರತಿ ಪುಸ್ತಕದ ಕೊನೆಯ ಹಾಳೆಯನ್ನು ಬ್ಲೇಡಿನಲ್ಲಿ ಬಿಡಿಸಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡತೊಡಗಿದರು. ಕೊಂಡವರಿಗೆ ಮಾತ್ರ ಹಾಳೆ, ಜೊತೆಗೆ ಸಿಕ್ಕಿಸಿಕೊಳ್ಳಲು ಗುಂಡುಪಿನ್ನು. ಪ್ಲಗ್ ಬಿಚ್ಚಿಟ್ಟ ಗಾಡಿಯನ್ನು ಯಾರೂ ಓಡಿಸಿಕೊಂಡು ಹೋಗುವುದಿಲ್ಲ ಎಂಬುದು ಅವರ ವಾದ. ಒಂದೇ ವರ್ಷದಲ್ಲಿ ಉಳಿದಿಬ್ಬರೂ ಅದನ್ನೇ ಮಾಡಿದರು.

ಒಂದು ವರ್ಷ ಸಾಬರ ಡಬ್ಬಿ ಜೀಪಿನಿಂದ ಇಳಿಸುವಾಗ ಕೈಜಾರಿ ಬಿತ್ತು. ಹಾಳೆಗಳೆಲ್ಲ ಗೋಡೌನಿನ ಮೆಟ್ಟಿಲ ತುಂಬ. ಅವರು ಗಾಬರಿಯಾಗಲಿಲ್ಲ. ನಟ್ಟುಗಳನ್ನು ಬೋಲ್ಟುಗಳಿಗೆ ಹೊಂದಿಸುವವರ ಹಾಗೆ ನಿಧಾನವಾಗಿ ಕೂತು, ಉದ್ದ ಅಗಲ ಕಾಗದದ ದಪ್ಪ ನೋಡಿ, ಪ್ರತಿ ಪುಸ್ತಕಕ್ಕೂ ಒಂದೊಂದು ಹಾಳೆ ಸರಿಮಾಡಿದರು. ಒಂದು ಹಾಳೆಯೂ ಮಿಗಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ಲೆಕ್ಕ ಸರಿಹೋದ ಮೇಲೆ ಕಥೆ ಯಾಕೆ ನೋಡಬೇಕು?

ಆ ವರ್ಷ ನಾನು ಕೊಂಡದ್ದರಲ್ಲಿ ಅವಳಿ ರಾಜಕುಮಾರರ ಕಥೆಯೊಂದಿತ್ತು. ಅಣ್ಣ ತಮ್ಮ ಇಬ್ಬರದೂ ಒಂದೇ ಮುಖ. ಅರಮನೆಯ ಖಜಾನೆಯಲ್ಲಿ ಕಳವಾಗುತ್ತದೆ. ಕದ್ದವನನ್ನು ಬೆನ್ನ ಕಡೆಯಿಂದ ಮಾತ್ರ ಚಿತ್ರದಲ್ಲಿ ತೋರಿಸಿದ್ದಾರೆ. ಇಬ್ಬರನ್ನೂ ರಾಜನ ಮುಂದೆ ನಿಲ್ಲಿಸುತ್ತಾರೆ, ರಾಜ ಬಾಯಿ ತೆರೆಯುತ್ತಾನೆ, ಹಾಳೆ ಮುಗಿಯುತ್ತದೆ. ಪಿನ್ನು ಹಾಕಿದ ಕೊನೆಯ ಹಾಳೆ ತಿರುಗಿಸಿದರೆ ಸಮುದ್ರ. ಒಂದು ಹಡಗು ದಡ ಸೇರುತ್ತಿದೆ, ನಾವಿಕರು ಟೋಪಿ ಎಸೆಯುತ್ತಿದ್ದಾರೆ.

ನಾನು ನಕ್ಕು, ಪುಸ್ತಕವನ್ನು ರೇಡಿಯೋದ ಮೇಲಿಟ್ಟೆ. ಅಂದು ನಾಲ್ಕು ಗಂಟೆಗೆ ಪುಸ್ತಕ ವಾಪಸು ಬರಲಿಲ್ಲ. ಮಾರನೆಯ ದಿನ ಬಂತು, ಪಿನ್ನು ಬಿಚ್ಚಿ ಮತ್ತೆ ಹಾಕಿದ ಗುರುತಿನೊಂದಿಗೆ. ಮೂರನೆಯ ದಿನ ಮಾವನವರು ತಟ್ಟೆಯಲ್ಲಿ ಅರ್ಧ ಅಕ್ಕಿರೊಟ್ಟಿ ಬಿಟ್ಟು, ಗೋಡೆಗೆ ಹೇಳುವ ಹಾಗೆ ಹೇಳಿದರು, “ಈಗಿನವರು ಕೊಡೋ ಸಾಮಾನನ್ನ ಸರಿಯಾಗಿ ನೋಡಿ ಕೊಡಲ್ಲ.”

ಇದಕ್ಕಿಂತ ಹೆಚ್ಚಾಗಿ ಅವರು ಕೇಳಲಾರರು ಎಂದು ನನಗೆ ಗೊತ್ತಿತ್ತು. ಸಾಬರ ಗ್ಯಾರೇಜಿಗೆ ಹೋದೆ. ಆ ಪುಸ್ತಕ ಅವರು ಓದಿರಲಿಲ್ಲ, ಹಾಳೆ ಯಾರಿಗೆ ಹೋಯಿತೋ ಮುಂದಿನ ಮೇಳದಲ್ಲಿ ಕೇಳೋಣ ಎಂದರು. ಚಿಕ್ಕಮಗಳೂರಿಗೆ ಹೋದಾಗ ಗುಜರಿಯವರನ್ನು ಕೇಳಿದರೆ, ಅಂಥ ಕಥೆಯಲ್ಲಿ ಇಬ್ಬರೂ ಸಾಯುತ್ತಾರೆ ಎಂದರು. ಕಳಸಕ್ಕೆ ಹೋದಾಗ ಟೈಲರ್ ಅಕ್ಕ, ಇಬ್ಬರಿಗೂ ಒಂದೇ ಮಂಟಪದಲ್ಲಿ ಮದುವೆಯಾಗುತ್ತದೆ, ತಾನು ಕಣ್ಣಾರೆ ನೋಡಿದ್ದೇನೆ ಎಂದು ಆಣೆ ಮಾಡಿದಳು. ಎರಡನ್ನೂ ಮನೆಗೆ ಬಂದು, ಊಟಕ್ಕೆ ಬಡಿಸುತ್ತಾ, ಯಾರಿಗೂ ಅಲ್ಲ ಎಂಬಂತೆ ಹೇಳಿದೆ. ಮಾವನವರು ಎರಡಕ್ಕೂ ಮೂಗಿನಲ್ಲೇ ಹ್ಞೂಂ ಎಂದರು. ಪಾಸು ಮಾಡುವ ಹ್ಞೂಂ ಆಗಿರಲಿಲ್ಲ.

ಹೀಗೆ ಒಂದು ಮಳೆಗಾಲ, ಒಂದು ಕೊಯ್ಲು ಕಳೆಯಿತು. ಅಷ್ಟರಲ್ಲಿ ಮಾವನವರ ಎರಡು ಕಣ್ಣಿಗೂ ಬಂದಿದ್ದ ಪೊರೆ ಬಲಿತಿತ್ತು. ಪುಸ್ತಕವನ್ನು ಅಂಗಳದ ಬಿಸಿಲಿಗೆ ಒಯ್ದು, ಭೂತಗನ್ನಡಿ ಹಿಡಿದು ನೋಡುವಂತಾಯಿತು. ಒಂದು ಕಣ್ಣಿಗೆ ಆಪರೇಷನ್ ಎಂದು ದಿನ ನಿಗದಿಯಾಯಿತು. ಮೇಳವಾದ ಮೂರನೇ ದಿನಕ್ಕೆ. ಅವರ ಜೊತೆ ಕೆಲಸ ಮಾಡಿದ ಡ್ರಾಯಿಂಗ್ ಮೇಷ್ಟ್ರಿಗೆ ಹೀಗೇ ಆಪರೇಷನ್ ಆಗಿ ಕಣ್ಣು ಹೋಗಿತ್ತು. ಆ ವಿಷಯವನ್ನು ಅವರು ಎತ್ತಲಿಲ್ಲ. ಆದರೆ ಓದಬೇಕಾದ್ದನ್ನೆಲ್ಲ ಒಂದೊಂದೇ ಓದಿ ಮುಗಿಸುತ್ತಿದ್ದರು: ಹಳೇ ಪತ್ರಗಳು, ಅತ್ತೆಯವರು ಬರೆದಿಟ್ಟ ಉಪ್ಪಿನಕಾಯಿಯ ಅಳತೆಯ ಚೀಟಿ, ಪಂಚಾಂಗ. ಅವಳಿಗಳ ಪುಸ್ತಕ ಮಾತ್ರ ದಿಂಬಿನ ಕೆಳಗೇ ಇತ್ತು. ಮೇಳದ ಬೆಳಿಗ್ಗೆ ನಾನು ಚೀಲ ಹುಡುಕುತ್ತಿದ್ದಾಗ ಅವರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕೋಟು ಹಾಕಿ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಒಂದು ಬಟ್ಟೆಯ ಗಂಟು.

“ನಾನೂ ಬರ್ತೀನಿ,” ಎಂದರು. “ನಿಂಗೆ ಚೀಲ ಹೊರೋಕೆ ಒಬ್ರು ಬೇಕಲ್ಲ.”

ಗೋಡೌನಿನ ಬಾಗಿಲಲ್ಲಿ ಅವರ ನೆರಳು ಬಿದ್ದದ್ದೇ ತಡ, ಒಳಗೆ ಗದ್ದಲ ನಿಂತಿತು. ಕೂತಿದ್ದವರು ಎದ್ದರು. ಅಲ್ಲಿದ್ದ ಅರ್ಧಕ್ಕರ್ಧ ಜನ ಅವರ ಹಳೇ ವಿದ್ಯಾರ್ಥಿಗಳು. ತಲೆ ನರೆತವರು, ತೋಟ ಮಾಡಿದವರು. ಕೈಯಲ್ಲಿದ್ದ ಕಾಮಿಕ್ಸನ್ನು ಒಬ್ಬರು ಬೆನ್ನ ಹಿಂದೆ ಹಿಡಿದರು, ಒಬ್ಬರು ಅಂಗಿಯೊಳಗೆ ತುರುಕಿದರು. ಸಾಬರು ಬೀಡಿಯನ್ನು ಗ್ರೀಸ್ ಡಬ್ಬಿಯಲ್ಲಿ ಅದ್ದಿ ಆರಿಸಿದರು. ಟೈಲರ್ ಅಕ್ಕ ಮಾವನವರ ಕೈ ನೋಡದೆಯೇ ಒಂದು ಸ್ಟೂಲು ತಂದಿಟ್ಟಳು. ಅವಳು ಅಷ್ಟು ರಿಯಾಯಿತಿ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾವನವರು ಕೂತರು. ಗಂಟು ಬಿಚ್ಚಿದರು. ಒಳಗಿನಿಂದ ಅವಳಿಗಳ ಪುಸ್ತಕ ಬರುತ್ತದೆಂದು ಕಾದಿದ್ದೆ. ಅದಕ್ಕೆ ಮೊದಲು ಇನ್ನೊಂದು ಬಂತು, ಹಳೆಯದು, ರಟ್ಟಿನ ಮೇಲೆ ಕೆಂಪು ಶಾಯಿ. ಸಾಬರ ಕಡೆ ಚಾಚಿದರು.

“ಒಂಬತ್ತನೇ ಬಿ. ಗಣಿತದ ಪೀರಿಯಡ್ಡು. ನಿಂದೇ ಅಲ್ವಾ?”

ಸಾಬರು ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಮೊದಲು ತಿರುಗಿಸಿದ್ದು ಕೊನೆಯ ಹಾಳೆಗೆ. ಹಾಳೆ ಇತ್ತು. ನಿಂತಲ್ಲೇ ಓದಿದರು.

“ಇದರ ಕೊನೆ ಗೊತ್ತಾಗ್ದೆ ಇಪ್ಪತ್ತು ವರ್ಷ ಆಯ್ತು ಸಾರ್,” ಎಂದರು. “ಕೊನೆ ಸಿಗದಿದ್ರೆ ಮನುಷ್ಯ ಎಷ್ಟು ಸಲ ತಿರುಗಿ ತಿರುಗಿ ಬರ್ತಾನೆ ಅಂತ ನಿಮ್ಮಿಂದಲೇ ಕಲ್ತದ್ದು. ಆಮೇಲೆ ಡಬ್ಬಿ ಇಟ್ಟೆ.”

“ನಾನು ಕಲಿಸಿದ್ದು ಗಣಿತ,” ಎಂದರು ಮಾವನವರು. “ಅದೊಂದು ಬಿಟ್ಟು ಎಲ್ಲ ಕಲ್ತಿದೀಯ.” ಮತ್ತೆ ಅವಳಿಗಳ ಪುಸ್ತಕ ತೆಗೆದು ಸ್ಟೂಲಿನ ಪಕ್ಕ ಇಟ್ಟರು. “ಇದರ ಹಾಳೆ ಎಲ್ಲಿ?”

ಅಲ್ಲಿಂದ ಮುಂದಿನ ಅರ್ಧ ಗಂಟೆ ಗೋಡೌನು ಪರೀಕ್ಷೆಯ ಹಾಲಿನಂತಾಯಿತು. ಹೋದ ವರ್ಷ ಸಾಬರ ಹತ್ತಿರ ಕೊಂಡವರೆಲ್ಲ ನೆನಪು ಮಾಡಿಕೊಳ್ಳತೊಡಗಿದರು. ಆಗ ಹೊರಬಿತ್ತು: ತಪ್ಪು ಹಾಳೆ ಸಿಕ್ಕಿದ್ದು ನಮಗೊಬ್ಬರಿಗೇ ಅಲ್ಲ. ಮಲ್ಲಂದೂರಿನವರೊಬ್ಬರ ಪತ್ತೇದಾರಿ ಕಥೆಯ ಕೊನೆಗೆ ಮಾತಾಡುವ ಮೊಲ ಬಂದಿತ್ತು. ಕೊಲೆಗಾರ ಮೊಲವೇ ಇರಬೇಕು ಎಂದು ಅವರು ತೀರ್ಮಾನಿಸಿದ್ದರಂತೆ. ಹಡಗಿನ ಕಥೆ ಯಾರು ಕೊಂಡಿರಿ ಎಂದು ನಾನು ಕೇಳಿದೆ. ಕೊಟ್ಟಿಗೆಹಾರದಲ್ಲಿ ಹೋಟೆಲ್ ನಡೆಸುವವರು ಮೆಲ್ಲಗೆ ಕೈಯೆತ್ತಿದರು. ವರ್ಷವಿಡೀ ಓದಿದ್ದನ್ನು ಮೇಳಕ್ಕೆ ತಂದು ಬದಲಾಯಿಸಿಕೊಳ್ಳುವ ಪದ್ಧತಿ ಅವರದು. ಆ ಒಂದನ್ನು ಮಾತ್ರ ಯಾರಿಗೂ ಕೊಡದೆ ಚೀಲದ ತಳದಲ್ಲಿ ಇಟ್ಟುಕೊಂಡಿದ್ದರು.

“ಇದರಲ್ಲಿ ತಪ್ಪೇನಿಲ್ಲ ಸಾರ್,” ಎಂದರು. “ಹಡಗಿನವ್ರು ದಡಕ್ಕೆ ಬಂದ್ರು. ಒಬ್ಬನಿಗೆ ಪಟ್ಟ ಕಟ್ಟಿದ್ರು, ಇನ್ನೊಬ್ಬನನ್ನ ಸೆರೆಗೆ ಹಾಕಿದ್ರು. ಹೋಟ್ಲಿಗೆ ಬರೋರಿಗೆಲ್ಲ ಹೇಳಿದೀನಿ. ಎಲ್ರೂ ಮೆಚ್ಚಿದಾರೆ.”

ಬದಲಾಯಿಸಿಕೊಳ್ಳಲು ಅವರಿಗೆ ಮನಸ್ಸೇ ಇರಲಿಲ್ಲ. ಗುಜರಿಯವರು ಅರ್ಧ ಕೆಜಿ ಕಾಮಿಕ್ಸ್ ಮೇಲೆ ಕೊಡುತ್ತೇನೆ ಎಂದರು. ಮುಳ್ಳು ಅಲ್ಲಾಡಲಿಲ್ಲ, ಅವರೂ ಅಲ್ಲಾಡಲಿಲ್ಲ. ಕೊನೆಗೆ ಸಾಬರು ಅವರ ಕಿವಿಯಲ್ಲಿ, ಮೇಷ್ಟ್ರಿಗೆ ಬುಧವಾರ ಕಣ್ಣಿನ ಆಪರೇಷನ್ ಮಾರಾಯ, ಎಂದರು. ಹೋಟೆಲಿನವರು ಪಿನ್ನು ಬಿಚ್ಚಿದರು. ತಮ್ಮ ಪಾಲಿಗೆ ಬಂದ ಸರಿಯಾದ ಹಾಳೆಯನ್ನು ನೋಡಿ, ಟೋಪಿ ಎಸೆಯೋದರಲ್ಲಿ ಏನಿದೆ, ಮೊದಲಿನದೇ ಚೆನ್ನಾಗಿತ್ತು, ಎಂದು ಗೊಣಗಿದರು.

ಮಾವನವರು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಭೂತಗನ್ನಡಿ ಹಚ್ಚಿ, ಅಷ್ಟು ಜನರ ಮುಂದೆ ಓದಿದರು. ಅಣ್ಣನಿಗೆ ಸೆರೆ, ತಮ್ಮನಿಗೆ ಪಟ್ಟ. ಓದಿ ಮುಗಿಸಿದ ಮೇಲೆ ಅವರ ಮುಖ ಬಾಡಿತು.

“ಇದು ಅನ್ಯಾಯ. ಏನೂ ಮಾಡದ ಅಣ್ಣನ್ನ ಸೆರೆಗೆ ಹಾಕಿದಾರೆ.”

ನನಗೆ ಅರ್ಥವಾಗಲಿಲ್ಲ. ಬೆನ್ನಷ್ಟೇ ಕಂಡರೂ ಕದ್ದವನು ಅಣ್ಣನೇ ಎಂದು ಚಿತ್ರದಲ್ಲಿ ಸ್ಪಷ್ಟವಾಗಿತ್ತು. ಆದರೆ ಹಳೇ ವಿದ್ಯಾರ್ಥಿಗಳ ಎದುರು ಹೆಡ್‌ಮಾಸ್ಟರನ್ನು ತಿದ್ದುವುದು ಹೇಗೆ? ವಯಸ್ಸಾದವರಿಗೆ ಕಳ್ಳರ ಮೇಲೂ ಕನಿಕರ ಬರುತ್ತದೇನೋ ಎಂದುಕೊಂಡೆ. ಮೂರು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಆಪರೇಷನ್ ಟೇಬಲಿಗೂ ಆ ಅನ್ಯಾಯವನ್ನು ಹೊತ್ತುಕೊಂಡೇ ಹೋದರು.

ಕಣ್ಣು ಉಳಿಯಿತು. ಕೆಲವು ದಿನ ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿದ್ದರು. ಅದನ್ನು ತೆಗೆದ ದಿನ ಮನೆಯೆಲ್ಲ ಸುತ್ತಾಡಿ, ಬಕೆಟ್ಟು ಇಷ್ಟು ನೀಲಿ ಇತ್ತಾ, ನಿನ್ನ ಸೀರೆ ಇಷ್ಟು ನೀಲಿ ಇತ್ತಾ ಎಂದು ಕೇಳುತ್ತಿದ್ದರು. ಮಧ್ಯಾಹ್ನ ನನ್ನನ್ನು ಕರೆದರು. ಅವಳಿಗಳ ಪುಸ್ತಕ ಮಡಿಲ ಮೇಲೆ ತೆರೆದಿತ್ತು, ಅಡಗಿಸದೆ.

“ನೋಡಮ್ಮ, ಈ ಅಣ್ಣ ಹೊದ್ದಿರೋ ಶಾಲು ಯಾವ ಬಣ್ಣ?”

“ನೀಲಿ, ಮಾವ. ಕಡು ನೀಲಿ.”

“ತಮ್ಮಂದು?”

“ಕಪ್ಪು.”

ಖಜಾನೆಯ ಚಿತ್ರಕ್ಕೆ ತಿರುಗಿಸಿದರು. ಕದಿಯುತ್ತಿದ್ದವನ ಬೆನ್ನ ಮೇಲೆ ನೀಲಿ ಶಾಲು. ಪೊರೆ ಬಂದ ಕಣ್ಣಿಗೆ ಎರಡೂ ಕಪ್ಪಾಗಿಯೇ ಕಂಡು, ಅವರು ಮಾತಿನ ಗಾಂಭೀರ್ಯ ನೋಡಿ ಅಣ್ಣನನ್ನು ಸಾಧುವೆಂದು ನಂಬಿಬಿಟ್ಟಿದ್ದರು.

“ಒಂದು ವರ್ಷ ಕಳ್ಳನ ಪರ ವಹಿಸಿದೆನಲ್ಲ,” ಎಂದರು. ನಸ್ಯದ ಡಬ್ಬಿಯ ಮುಚ್ಚಳ ತೆಗೆದು, ಡಾಕ್ಟರು ಬೇಡ ಎಂದದ್ದು ನೆನಪಾಗಿ ಮತ್ತೆ ಮುಚ್ಚಿದರು. “ನಿಂಗೆ ಇದು ಮೊದಲೇ ಗೊತ್ತಿತ್ತಾ?”

“ತಂದ ದಿನವೇ ಗೊತ್ತಿತ್ತು.”

“ಮತ್ತೆ ಒಂದು ಮಾತು ಹೇಳಬಾರದಿತ್ತಾ?”

“ನೀವು ಕಾಮಿಕ್ಸ್ ಓದೋದಿಲ್ವಲ್ಲ, ಮಾವ.”

ಅವರು ನನ್ನನ್ನೇ ನೋಡಿದರು, ಹೊಸ ಕಣ್ಣಿನಿಂದ. ಆಮೇಲೆ ಪುಸ್ತಕ ಮುಚ್ಚಿ, ಅಟ್ಟದ ಏಣಿಯ ಕಡೆ ಕೈ ತೋರಿಸಿದರು.

“ಆ ಟ್ರಂಕು ಇಳಿಸಮ್ಮ. ಇತ್ತೀಚೆಗೆ ಅದರಲ್ಲಿ ಓದಿದ್ದನ್ನೆಲ್ಲ ಮತ್ತೆ ಓದಬೇಕು. ಇನ್ನೂ ಯಾರ್ಯಾರಿಗೆ ಅನ್ಯಾಯ ಮಾಡಿದೀನೋ.”