ರಾಹುಕಾಲ ಮುಗಿಯುವ ಮೊದಲು ಮಾರಾಟವಾದ ರೆಕಾರ್ಡು

ನನಗಾದ ಅನ್ಯಾಯ ಇಷ್ಟು: ನಾನು ಹುಡುಕಿದ ರೆಕಾರ್ಡನ್ನು, ನಾನೇ ತೋರಿಸಿದ ಮನೆಯಲ್ಲಿ, ನಾನು ಹೊರಗೆ ಕಾರಿನಲ್ಲಿ ಕಾಯುತ್ತ ಕುಳಿತಿದ್ದಾಗ, ನನ್ನ ಒಡಹುಟ್ಟಿದ ತಂಗಿ ತನಗಾಗಿ ಕೊಂಡುಕೊಂಡಳು. ಅವಳು ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅದು ದೊಡ್ಡ ಎಲ್ಪಿ ರೆಕಾರ್ಡಲ್ಲ. ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗುವ, ಒಂದು ಬದಿಗೆ ಒಂದೇ ಹಾಡಿರುವ ಪುಟ್ಟ ತಟ್ಟೆ. ಅಮೆರಿಕದ ಪಾಪ್ ಹಾಡುಗಳು ಒಂದು ಕಾಲಕ್ಕೆ ಹೀಗೆ ಬಿಡಿಬಿಡಿಯಾಗಿ ಮಾರಾಟವಾಗುತ್ತಿದ್ದವು. ನಿವೃತ್ತಿಯಾದ ಮೇಲೆ ನಾನು ಅವುಗಳನ್ನು ಕೂಡಿಡಲು ಆರಂಭಿಸಿದೆ. ಇಲ್ಲಿ ಅಮೆರಿಕದಲ್ಲಿ ಬೆರ್ರಿಯೆಸಾದ ಸಂತೆಯಲ್ಲಿ, ನಮ್ಮ ಬಡಾವಣೆ ಎವರ್‌ಗ್ರೀನ್‌ನಲ್ಲಿ ಜನ ಮನೆಯ ಹಳೆ ಸಾಮಾನು ಮಾರುವ ಗರಾಜ್ ಸೇಲುಗಳಲ್ಲಿ, ಮಂಡಿ ನೋಯುವಷ್ಟು ಹೊತ್ತು ಬಗ್ಗಿ ನಿಂತು ಪೆಟ್ಟಿಗೆಗಳನ್ನು ತಡಕಿದ್ದೇನೆ. ತಂದ ಪ್ರತಿಯೊಂದನ್ನೂ ನಡುವಿನ ಕಾಗದ ನೆನೆಯದಂತೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಹಳೆಯ ಮಲ್ಲು ಪಂಚೆಯ ತುಂಡಿನಿಂದ ಒರೆಸಿ, ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆರಳಿಗೆ ನಿಲ್ಲಿಸುತ್ತೇನೆ. ಇಲ್ಲೇ ಹತ್ತಿರದ ಊರು ಡಬ್ಲಿನ್‌ನಲ್ಲಿರುವ ನನ್ನ ತಂಗಿ ಈ ಹವ್ಯಾಸವನ್ನು ನನ್ನಿಂದಲೇ ಕಲಿತಳು. ಅವಳು ತನ್ನವನ್ನು ಕವರಿಲ್ಲದೆ ದೋಸೆಯಂತೆ ಒಂದರ ಮೇಲೊಂದು ಪೇರಿಸಿಡುತ್ತಾಳೆ. ಆದರೂ ಒಳ್ಳೊಳ್ಳೆಯವು ಅವಳಿಗೇ ಸಿಗುತ್ತವೆ, ಮತ್ತು ಜನ ಅವಳ ಮನೆಗೇ ಹೋಗುತ್ತಾರೆ.

ಇಷ್ಟೆಲ್ಲ ಪೆಟ್ಟಿಗೆಗಳಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ ಒಂದನ್ನು. ರೈಲು ನಿಲ್ದಾಣದಲ್ಲಿ ಛತ್ರಿ ಮರೆತುಹೋದ ಹುಡುಗನ ಕುರಿತು ಮೂವರು ಹುಡುಗಿಯರು ಹಾಡಿದ ಹಾಡು ಅದು. ಮೈಸೂರಿನಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಾಗ ನಮ್ಮ ಚಿಕ್ಕಪ್ಪ ಮುಂಬಯಿಯಿಂದ ತಂದುಕೊಟ್ಟಿದ್ದರು. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾಗಿದ್ದ ವಸ್ತು ಅದೊಂದೇ. ಒಂದು ತಿಂಗಳೂ ಬಾಳಲಿಲ್ಲ. ಇನ್ನೂ ಲಂಗ ತೊಡುತ್ತಿದ್ದ ನನ್ನ ತಂಗಿ ಅದನ್ನು ಸೀಗೇಪುಡಿ ಹಾಕಿ ತೊಳೆದು, ತಾರಸಿಯಲ್ಲಿ ಅಮ್ಮ ಹರವಿದ್ದ ಹಪ್ಪಳಗಳ ನಡುವೆ ಬಿಸಿಲಿಗೆ ಒಣಹಾಕಿದಳು. ಸಂಜೆಗೆ ಅದೂ ಹಪ್ಪಳದಂತೆಯೇ ಸೊಟ್ಟಗಾಗಿತ್ತು. ಬೈಸಿಕೊಂಡವಳು ನಾನು. "ನೀನು ದೊಡ್ಡೋಳು, ನೋಡ್ಕೋಬಾರದಿತ್ತೇನೇ?" ಎಂದರು ಅಮ್ಮ. ಅಳುತ್ತಿದ್ದ ಅವಳಿಗೆ ಕೊಬ್ಬರಿ ಮಿಠಾಯಿ ಸಿಕ್ಕಿತು.

ಕಳೆದ ಬೇಸಿಗೆಯಲ್ಲಿ, ನಮ್ಮ ಪಕ್ಕದ ಬೀದಿಯವರು ಶನಿವಾರದ ಗರಾಜ್ ಸೇಲಿಗೆಂದು ಇಂಟರ್‌ನೆಟ್ಟಿನಲ್ಲಿ ಹಾಕಿದ್ದ ಫೋಟೋದಲ್ಲಿ ನನಗೆ ಅದು ಕಾಣಿಸಿತು. ಪೆಟ್ಟಿಗೆಯ ಮುಂಭಾಗದಲ್ಲೇ ಇತ್ತು. ಕವರಿನ ಮೇಲೆ ಮೂವರು ಹುಡುಗಿಯರು, ಒಂದು ಛತ್ರಿ. ನಾನು ಮಾಡಿದ ಮೊದಲ ಕೆಲಸ ತಂಗಿಗೆ ಫೋನು ಮಾಡಿದ್ದು. "ಅಯ್ಯೋ ಅಕ್ಕ, ನಾನೂ ಬರ್ತೀನಿ ಕಣೇ, ನಿನ್ ಮುಖ ನೋಡ್ಬೇಕು ನಂಗೆ!" ಎಂದಳು. ನಂಬಿದೆ.

ರಾಹುಕಾಲದಲ್ಲಿ ನಾನು ಹೊಸದೇನನ್ನೂ ಕೊಳ್ಳುವವಳಲ್ಲ. ಈ ಊರಿನ ರಾಹುಕಾಲವನ್ನು ಈ ಊರಿನ ಸೂರ್ಯೋದಯದಿಂದ ಲೆಕ್ಕ ಹಾಕಬೇಕೆಂದು ತಂಗಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ಶನಿವಾರ ಅದು ಮುಗಿಯುತ್ತಿದ್ದದ್ದು ಹನ್ನೊಂದೂ ಕಾಲು ದಾಟಿದ ಮೇಲೆ. ಸೇಲು ಹತ್ತಕ್ಕೇ ಆರಂಭ. ರಾಹುಕಾಲ ಹಿಡಿಯುವ ಮೊದಲೇ ಮನೆಬಿಟ್ಟು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು, ಆ ಮನೆಯ ಎದುರು ಅವಳ ಕಾರಿನಲ್ಲಿ ಇಬ್ಬರೂ ಕುಳಿತೆವು. ಹತ್ತೂವರೆಯಾಗುತ್ತಲೇ ಅವಳು ಸೀಟ್ ಬೆಲ್ಟು ಬಿಚ್ಚಿದಳು.

"ಮುಗೀತಲ್ಲ ಅಕ್ಕ, ನಡಿ."

"ಎಲ್ಲಿ ಮುಗೀತು? ಇನ್ನೂ ಮುಕ್ಕಾಲು ಗಂಟೆ ಇದೆ."

"ನಮ್ಮನೆ ಕ್ಯಾಲೆಂಡರಲ್ಲಿ ಶನಿವಾರ ಒಂಬತ್ತರಿಂದ ಹತ್ತೂವರೆ ಅಂತ ದಪ್ಪಕ್ಷರದಲ್ಲಿ ಹಾಕಿದಾರೆ."

"ಅದು ಬೆಂಗಳೂರಿನ ಕ್ಯಾಲೆಂಡರು. ಇಲ್ಲಿ ಬೇಸಿಗೆ ಹಗಲು ಉದ್ದ. ಸಾಲದ್ದಕ್ಕೆ ಗಡಿಯಾರಾನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿದಾರೆ."

"ರಾಹುಗೂ ಡೇಲೈಟ್ ಸೇವಿಂಗಾ? ನಿಂಗೆ ರಾಹು ಬೇಕೋ ರೆಕಾರ್ಡು ಬೇಕೋ, ಒಂದು ಡಿಸೈಡ್ ಮಾಡ್ಕೊ. ನಾನು ಬರೀ ನೋಡ್ಕೊಂಡು ಬರ್ತೀನಿ."

ಬರೀ ನೋಡಿಕೊಂಡು ಬರುತ್ತೇನೆ ಎಂದು ಹೋದವಳು ಅದನ್ನು ಎತ್ತಿ ಹಿಡಿದುಕೊಂಡೇ ಬಂದಳು. ನನ್ನ ನಿಯಮ ನಾನು ಕೊಳ್ಳುವುದಕ್ಕೆ ಮಾತ್ರ. ಅವಳು ನನಗಾಗಿ ಕೊಂಡಿದ್ದಾಳೆಂದು ತಿಳಿದು, ಕಣ್ಣು ತುಂಬಿಕೊಂಡು ಕಿಟಕಿಯಿಂದ ಎರಡೂ ಕೈ ಚಾಚಿದೆ. ಅವಳು ಅದನ್ನು ತನ್ನ ಕೈಚೀಲಕ್ಕೆ ಇಳಿಬಿಟ್ಟಳು.

"ನಂಗೂ ಬೇಕು ಅನ್ನಿಸ್ಬಿಡ್ತು ಅಕ್ಕ. ನಿನ್ ಹತ್ರ ಅಷ್ಟೊಂದಿದೆಯಲ್ಲ."

ಚಾಚಿದ ಕೈಗಳನ್ನು ನಾನು ಹೇಗೆ ಹಿಂದಕ್ಕೆ ಎಳೆದುಕೊಂಡೆ ಎಂಬುದನ್ನು ಅವಳು ನೋಡಲಿಲ್ಲ. ಕಾರು ರಿವರ್ಸ್ ತೆಗೆಯುತ್ತಿದ್ದಳು.

ಮರುದಿನ ಅವಳದೇ ಫೋನು. ಅಮೆರಿಕದ ಈ ಪುಟ್ಟ ರೆಕಾರ್ಡುಗಳಲ್ಲಿ ಹೆಚ್ಚಿನವುಗಳ ನಡುವಿನ ತೂತು ರೂಪಾಯಿ ನಾಣ್ಯಕ್ಕಿಂತ ಅಗಲ. ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ತೂತಿಗೆ ಕೂರಿಸದಿದ್ದರೆ ತಟ್ಟೆ ಸರಿಯಾಗಿ ತಿರುಗುವುದಿಲ್ಲ. ಅವಳಲ್ಲಿದ್ದ ಬಿಲ್ಲೆಗಳನ್ನೆಲ್ಲ ಅವಳು ಎಲ್ಲೆಲ್ಲೋ ಕಳೆದಿದ್ದಳು. "ಒಂದು ಕೊಡೇ, ನಿನ್ ಹತ್ರ ಡಬ್ಬಿ ತುಂಬ ಇದೆ." ಕೊಟ್ಟೆ. ಹಳದಿ ಬಣ್ಣದ್ದು. ಕೊಡಲಾರೆ ಎಂದಿದ್ದರೆ ಹೊಟ್ಟೆಕಿಚ್ಚಿನವಳೆಂಬ ಹೆಸರು ಬರುತ್ತಿತ್ತು. ಹೊಟ್ಟೆ ಉರಿಯುತ್ತಿದ್ದದ್ದು ನಿಜ, ಹೆಸರು ಬೇಡವಾಗಿತ್ತು.

ಆಮೇಲಿನ ಭಾನುವಾರ ಡಬ್ಲಿನ್‌ನ ಅವಳ ಮನೆಯಲ್ಲಿ ಊಟ. ಅಕ್ಕಪಕ್ಕದ ಕನ್ನಡದವರೆಲ್ಲ ಇದ್ದರು. ನಾನು ಬಿಸಿಬೇಳೆಬಾತಿನ ತಟ್ಟೆ ಹಿಡಿದು ಸೋಫಾದ ತುದಿಯಲ್ಲಿ ಕುಳಿತಿದ್ದೆ. ಅವಳು ರೆಕಾರ್ಡು ಹಾಕಿದಳು. ಆ ಮೂರು ದನಿಗಳು ಒಟ್ಟಿಗೆ ಏರಿದಾಗ ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆ ಎತ್ತಿದ್ದು, ಚಿಕ್ಕಪ್ಪ ಬೂಟಿನ ತುದಿಯಲ್ಲಿ ತಾಳ ಹಾಕಿದ್ದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಾಡು ಮುಗಿಯುವಷ್ಟು ಹೊತ್ತು ನನಗೆ ಅವಳ ಮೇಲೆ ಕೋಪವೇ ಇರಲಿಲ್ಲ. ಇದನ್ನೂ ಬರೆಯುವುದು ನ್ಯಾಯ.

ಆಗ ಅವಳು ಕಥೆ ಹೇಳಲು ಶುರುಮಾಡಿದಳು.

"ನಮ್ ಚಿಕ್ಕಪ್ಪಂಗೆ ನಾನು ಅಂದ್ರೆ ಪ್ರಾಣ. ಬಾಂಬೆಯಿಂದ ನಂಗೆ ಅಂತಾನೇ ಇದನ್ನ ತಂದಿದ್ರು. ನಮ್ಮಕ್ಕ ಏನ್ಮಾಡಿದ್ಲು ಗೊತ್ತಾ? ಹಪ್ಪಳದ ಜೊತೆ ಒಣಗಿಸಿಬಿಟ್ಲು!"

ಎಲ್ಲರೂ ನಕ್ಕರು. ಅತಿಥಿಗಳಲ್ಲಿ ಒಬ್ಬಾಕೆ, "ಆಂಟಿ, ಆ ಹಳದಿ ಪೀಸು ಕೂಡ ಆಗಿನದೇನಾ?" ಎಂದು ಕೇಳಿದಳು.

"ಆಗ್ಲೂ ಇಂಥದ್ದೇ ಒಂದಿತ್ತು ಕಣಮ್ಮ. ನಾನೇ ಕೂರಿಸ್ತಿದ್ದೆ, ಪುಟ್ಟ ಕೈಲಿ."

ಚಿಕ್ಕಪ್ಪ ತಂದದ್ದು ನಮ್ಮ ದೇಶದಲ್ಲೇ ಅಚ್ಚಾದ ತಟ್ಟೆ. ಅದರ ತೂತು ಪೆನ್ಸಿಲಿನಷ್ಟು ಸಣ್ಣದು. ಅದಕ್ಕೆ ಬಿಲ್ಲೆಯೇ ಬೇಕಿರಲಿಲ್ಲ. ನನ್ನ ಡಬ್ಬಿಯಿಂದ ಹೋದ ಬಿಲ್ಲೆಯನ್ನು ಅವಳು ನಮ್ಮ ಮೈಸೂರಿನ ಮನೆಯೊಳಕ್ಕೆ ಕೂರಿಸಿಬಿಟ್ಟಿದ್ದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಜೋರಾಗಿ ಚಪ್ಪಾಳೆ ಕೇಳಿಸಿತು. ಮೊದಲು ತಟ್ಟಿದವರು ನನ್ನ ಯಜಮಾನರು. ಮದುವೆಯಾದ ಮೊದಲ ವಾರದಲ್ಲೇ ನನ್ನ ಬಾಯಿಂದ ಈ ಕಥೆಯನ್ನು ಇದ್ದದ್ದು ಇದ್ದಂತೆ ಕೇಳಿದವರು. "ಭಾವ ಒಬ್ರೇ ನನ್ ಕದರು ಗೊತ್ತಿರೋರು!" ಎಂದು ಅವಳು ಅವರ ತಟ್ಟೆಗೆ ಇನ್ನೊಂದು ಚಿರೋಟಿ ಹಾಕಿದಳು.

ಹಿಂತಿರುಗುವಾಗ ಫ್ರೀವೇಯಲ್ಲಿ ಕೇಳಿದೆ: "ಅದು ನನ್ನ ರೆಕಾರ್ಡು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಕಣೇ. ಆದ್ರೆ ನೀನು ಹೇಳಿದಾಗ ಇಷ್ಟು ಮಜಾ ಬರ್ತಿರ್ಲಿಲ್ಲ."

ಇತ್ತೀಚೆಗೆ ಅವರೂ ಅದನ್ನು ಅವಳು ಹೇಳಿದಂತೆಯೇ ಹೇಳತೊಡಗಿದ್ದಾರೆ. ಅಮ್ಮ ಇಲ್ಲ, ಚಿಕ್ಕಪ್ಪ ಇಲ್ಲ. ಆ ದಿನ ಆ ಮನೆಯಲ್ಲಿದ್ದವರಲ್ಲಿ ಉಳಿದವರು ನಾನು ಮತ್ತು ಅವಳು. ರೆಕಾರ್ಡನ್ನು ಅವಳೇ ಇಟ್ಟುಕೊಳ್ಳಲಿ, ಬಿಲ್ಲೆಯನ್ನೂ ಇಟ್ಟುಕೊಳ್ಳಲಿ. ಆದರೆ ಕಥೆ ಹೇಳಿದ ನಿನ್ನನ್ನೂ, ಚಪ್ಪಾಳೆ ತಟ್ಟಿದ ನಿಮ್ಮನ್ನೂ ಒಂದೇ ಮಾತು ಕೇಳುತ್ತೇನೆ, ನನ್ನ ಮುಖ ನೋಡಿ ಉತ್ತರಿಸಿ: ಚಿಕ್ಕಪ್ಪ ಅಂದು ಆ ರೆಕಾರ್ಡನ್ನು ಇಟ್ಟದ್ದು ಯಾರ ಕೈಯಲ್ಲಿ?