ನೆಯೂಲಿ ಎಲ್ಲಿದೆ

ಹಳೇಬೀಡಿನ ಬೀದಿಗಳಲ್ಲಿ ಇನ್ನೂ ಎತ್ತಿನ ಗಾಡಿಗಳೇ ಹೆಚ್ಚಾಗಿದ್ದ ಕಾಲ. ಬೇಲೂರಿನ ಬಸ್ಸು ಬಂತೆಂದರೆ ನಾಯಿಗಳು ಅದರ ಹಿಂದೆ ಓಡುತ್ತಿದ್ದವು, ನಾಯಿಗಳ ಹಿಂದೆ ನಾವು. ಎಪ್ಪತ್ತರ ದಶಕದ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಯಾರೂ ಎಲ್ಲಿಗೂ ಕರೆದೊಯ್ಯುತ್ತಿರಲಿಲ್ಲ. ಬೆಳಿಗ್ಗೆ ಕೈಗೊಂದು ರಾಗಿ ರೊಟ್ಟಿ ಇಟ್ಟು ಹೊರಗೆ ಅಟ್ಟಿದರೆ ಮುಗಿಯಿತು. ಹಾಗೆ ಅಟ್ಟಿಸಿಕೊಂಡು ಬೆಳೆದವರಲ್ಲಿ ನೀವೂ ಒಬ್ಬರಾಗಿದ್ದರೆ ನಮ್ಮ ಆಟ ನಿಮಗೆ ತಿಳಿದೀತು.

ನಮ್ಮಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುತ್ತಿದ್ದರು. ನನ್ನ ಗೆಳತಿ ಪದ್ಮಿನಿ, ಎಲ್ಲರ ಬಾಯಲ್ಲಿ ಪದ್ದು, ಬಸ್ತಿಹಳ್ಳಿಯ ಜೈನರ ಮನೆಯವಳು. ಅವಳ ಅಪ್ಪ ಧರಣಪ್ಪನವರದು ಕೊಬ್ಬರಿ ವ್ಯಾಪಾರ. ಅವರ ಅಂಗಳಕ್ಕೆ ಕಾಲಿಟ್ಟರೆ ಒಣಗಲು ಹರವಿದ ಕೊಬ್ಬರಿಯ ಸಿಹಿ ಕಮಟು ಮೂಗಿಗೆ ಹತ್ತುತ್ತಿತ್ತು. ಕತ್ತಲಾದ ಮೇಲೆ ಒಲೆ ಹಚ್ಚುವುದು, ಉಣ್ಣುವುದು ಅವರಲ್ಲಿ ಪಾಪ, ಹೊತ್ತು ಮುಳುಗುವ ಮೊದಲೇ ಆ ಮನೆಯಲ್ಲಿ ಊಟ ಆಗಿಬಿಡುತ್ತಿತ್ತು. ನಮ್ಮಮ್ಮ ಒಲೆ ಹಚ್ಚುವ ವೇಳೆಗೆ ಪದ್ದು ಉಂಡು, ಕೈತೊಳೆದು, ನಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಇಷ್ಟು ಬೇಗ ಉಂಡ್ರೆ ರಾತ್ರಿ ಹಸಿವಾಗಲ್ವೇನೇ?" ಎಂದು ಅಮ್ಮ ಕೇಳಿದರೆ, "ನಿದ್ದೆ ಮಾಡೋರಿಗೆ ಏನ್ ಹಸಿವು ಅತ್ತೆ? ಶಾರಿ ಥರ ಕನಸಲ್ಲೂ ಮೆಲ್ಲೋರಿಗೆ ಹಸಿವು" ಎನ್ನುವಳು. ಶಾರಿ ಎಂದರೆ ನಾನು.

ಬಸ್ತಿಹಳ್ಳಿಯ ಬಸದಿಯಲ್ಲಿ ಕರಿಕಲ್ಲಿನ ಕಂಬಗಳಿವೆ, ಕನ್ನಡಿಯಷ್ಟು ನುಣುಪು. ಮುಂದೆ ನಿಂತರೆ ನಾವೇ ಸಣ್ಣಗೆ, ಉದ್ದಕ್ಕೆ, ಕಪ್ಪು ನೀರಿನೊಳಗೆ ನಿಂತ ಹಾಗೆ ಕಾಣುತ್ತೇವೆ. ಹೊರಗೆ ನೆಲ ಕಾದ ಹೆಂಚಾಗಿರುವಾಗ ಒಳಗೆ ಪಾದಕ್ಕೆ ತಂಪು, ಮೂಗಿಗೆ ಗಂಧ, ಜೊತೆಗೆ ಬಾವಲಿ ಹಿಕ್ಕೆಯ ಒಗರು ವಾಸನೆ. ಒಂದು ಮಧ್ಯಾಹ್ನ ಪದ್ದು ಕಂಬಕ್ಕೆ ಮೂಗು ತಾಗಿಸಿ ನಿಂತು ಹೇಳಿದಳು:

"ಇದು ನಾವಲ್ಲ ಕಣೇ. ಕಂಬದವರು. ನಾವು ಬಂದಾಗ ನೋಡಕ್ಕೆ ಬರ್ತಾರೆ."

"ಯಕ್ಷರಾ?"

"ಯಕ್ಷರಿಗೆ ಪೂಜೆ ಗೀಜೆ ಇರತ್ತೆ. ಇವರಿಗೆ ಅದೂ ಇಲ್ಲ ಪಾಪ."

ಕಂಬದವರಿಗೂ ಕೆರೆ ಇರಬೇಕು, ಗುಡ್ಡ ಇರಬೇಕು, ಅವಕ್ಕೆ ಅವರದೇ ಹೆಸರಿರಬೇಕು. ಹೀಗೆ ಶುರುವಾಯಿತು ಕಂಬದವರ ಭಾಷೆ. ನಮ್ಮ ದೊಡ್ಡ ಕೆರೆ ಲೂವಿರೆ ಆಯಿತು. ಬೆಣ್ಣೆಗುಡ್ಡ ತೊರಿಯಾನ. ಧರಣಪ್ಪನವರ ತೆಂಗಿನ ತೋಟ ಸೆಪಾಲಿ. ಬೇಲೂರಿನ ದಾರಿ ಮಿಂದೋರೆ. ಕಟ್ಟಳೆಯೂ ಇತ್ತು: ಹೆಸರಿಡಬೇಕಾದರೆ ಇಬ್ಬರೂ ಆ ಜಾಗದಲ್ಲಿ ಬರಿಗಾಲಲ್ಲಿ ನಿಂತು ಒಟ್ಟಿಗೆ ಹೇಳಬೇಕು. ಒಬ್ಬಳೇ ಇಟ್ಟ ಹೆಸರು ಹೆಸರಲ್ಲ. ಜನಕ್ಕೆ ಹೆಸರಿಡುವಂತಿಲ್ಲ, ಕರೆದರೆ ಕಂಬ ಬಿಟ್ಟು ಆಚೆ ಬಂದುಬಿಡುತ್ತಾರೆ ಎಂದು ಪದ್ದುವಿನ ಭಯ. ಹಾಗಾಗಿ ನಮ್ಮ ಭಾಷೆಯಲ್ಲಿ ಇದ್ದದ್ದೆಲ್ಲ ಬರೀ ನೆಲ. ದಿಣ್ಣೆ, ಹಳ್ಳ, ಬದು, ಬಂಡೆ, ದಾರಿ.

ಬಸ್‌ಸ್ಟ್ಯಾಂಡಿನಲ್ಲಿ ನಾವು ಹೀಗೆ ಕೂಗಾಡುವುದನ್ನು ಕೇಳಿ ಕಂಡಕ್ಟರೊಬ್ಬ, "ಇದ್ಯಾವೂರ ಮಾತು ಕಣ್ರವ್ವ? ಟಿಕೆಟ್ ಎಲ್ಲಿಗೆ ಹರೀಲಿ?" ಎಂದಿದ್ದ. "ತೊರಿಯಾನಕ್ಕೆ ಎರಡು ಅರ್ಧ!" ಎಂದು ಪದ್ದು ಕೂಗಿದ್ದಳು.

ಮುಂದಿನ ಬೇಸಿಗೆಗೆ ಅವಳಿಗೆ ಜ್ವರ ಬಂತು. ಮೊದಲು ಬಿಸಿಲು ಹೊಡೆದದ್ದು ಎಂದರು. ಆಮೇಲೆ ಕತ್ತು ಸೆಟೆದುಕೊಂಡಿತು, ಕಣ್ಣು ಮೇಲೆ ಹೋಯಿತು, ಯಾರದೋ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಸಾಗಿಸಿದರು. ಜ್ವರ ತಲೆಗೇರಿದೆ ಎಂಬುದಷ್ಟೇ ನಮ್ಮ ಕಿವಿಗೆ ಬಿದ್ದ ಸುದ್ದಿ. ರಜೆ ಅರ್ಧ ಕಳೆದ ಮೇಲೆ ಕರೆತಂದರು. ಬಲಗೈ ತೊಡೆಯ ಮೇಲೆ ಸತ್ತ ಹಕ್ಕಿಯಂತೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಕನ್ನಡ ಪೂರಾ ಹೊರಟುಹೋಗಿತ್ತು. ಅಮ್ಮ ಎನ್ನಲು ಬರುತ್ತಿರಲಿಲ್ಲ.

"ಏನೇನೋ ಅಂತಾಳೆ ಕಣೇ ಶಾರಿ. ಯಾವುದೋ ಯಕ್ಷಿ ಮೆಟ್ಟಿಕೊಂಡಿದೆ" ಎಂದರು ಅವಳ ಅಜ್ಜಿ. ಪದ್ದು ನನ್ನನ್ನು ನೋಡಿದಳು. ಬಾಯಿ ಬಹಳ ಹೊತ್ತು ತಡಕಾಡಿ, "ಲೂವಿರೆ" ಎಂದಳು.

"ನೀರು ಬೇಕಂತೆ" ಎಂದೆ ನಾನು.

ಅವಳ ಅಮ್ಮ ಸುನಂದಮ್ಮ ಲೋಟಕ್ಕೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದವರು ಆ ಲೋಟವನ್ನೇ ತಂದು ಅವಳ ತುಟಿಗಿಟ್ಟರು. ಪದ್ದು ಗಟಗಟ ಕುಡಿದಳು.

ಅಂದಿನಿಂದ ನಾನು ಆ ಮನೆಗೆ ಬೇಕಾದವಳಾದೆ. ನಮ್ಮ ಭಾಷೆಯ ಪದಗಳಷ್ಟೇ, ಅದು ಹೇಗೋ, ಅವಳಲ್ಲಿ ಉಳಿದುಕೊಂಡಿದ್ದವು. ನೆರಳು ಬೇಕಾದರೆ ಸೆಪಾಲಿ. ಎತ್ತಿ ಕೂರಿಸಬೇಕಾದರೆ ತೊರಿಯಾನ. ನಮ್ಮಮ್ಮ, "ಜ್ವರದ ಮನೆಗೆ ದಿನಾ ಯಾಕೆ ಸಾಯ್ತೀಯ?" ಎಂದು ಬೈದು, ತಾನೇ ಒಂದು ಚೊಂಬು ಎಳನೀರು ಕೊಟ್ಟು ಕಳಿಸುತ್ತಿದ್ದಳು. ಸುನಂದಮ್ಮ ನನ್ನ ಮುಂದೆ ಕೂತು ಒಂದೊಂದೇ ಪದ ಕಲಿತರು. ಕೊಬ್ಬರಿ ಹೆರೆಯುತ್ತಲೇ ಬಾಯಿಪಾಠ ಮಾಡುವರು. ಒಂದು ದಿನ ಹೆರೆಯುವುದನ್ನು ನಿಲ್ಲಿಸಿ ಕೇಳಿದರು:

"ನಂಗೇನಂತಾಳೆ?"

"ಜನಕ್ಕೆ ಹೆಸರಿಟ್ಟಿಲ್ಲ ಅತ್ತೆ."

"ಓ" ಎಂದರು. ಮತ್ತೆ ಹೆರೆಯತೊಡಗಿದರು.

ಸ್ವಲ್ಪ ದಿನ ಕಳೆದ ಮೇಲೆ ಪದ್ದು ಊಟ ಬಿಟ್ಟಳು. ಗಂಜಿ ಹಿಡಿದರೆ ಮುಖ ತಿರುಗಿಸಿ ಒಂದೇ ಮಾತು: "ನೆಯೂಲಿ." ಬೆಳಿಗ್ಗೆ ನೆಯೂಲಿ, ಮಧ್ಯಾಹ್ನ ನೆಯೂಲಿ. ಹೊಟ್ಟೆಗೆ ಹೋಗದಿದ್ದರೆ ಔಷಧಿ ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಏನೇ ಅದು? ಯಾವ ಜಾಗ?" ಸುನಂದಮ್ಮ ನನ್ನ ಭುಜ ಹಿಡಿದರು.

ನನಗೆ ಗೊತ್ತಿರಲಿಲ್ಲ. ನಾವಿಬ್ಬರೂ ಸೇರಿ ಅಂಥ ಹೆಸರು ಇಟ್ಟೇ ಇರಲಿಲ್ಲ. ಎಲ್ಲಿಯೋ ಅವಳೊಬ್ಬಳೇ ನಿಂತು ಇಟ್ಟುಕೊಂಡದ್ದು. ನನಗೆ ಅಳು ಬಂತು. ಅವಳ ಮೇಲಿನ ಕನಿಕರಕ್ಕೋ, ನನ್ನ ಬಿಟ್ಟು ಹೆಸರಿಟ್ಟಳೆಂದೋ.

"ಜಾಗ ತಾನೆ, ಹುಡುಕೋಣ" ಎಂದರು ಧರಣಪ್ಪನವರು. ಮಾತು ಕಡಿಮೆಯ ಮನುಷ್ಯ. ಮಗಳನ್ನು ಅಲ್ಲಿಗೆ ಮುಟ್ಟಿಸಿದರೆ ಉಂಡಾಳು ಎಂದು ಅವರು ನಂಬಿಬಿಟ್ಟರು. ಮನೆಮಂದಿಯೂ ನಂಬಿದರು.

ಕೊಬ್ಬರಿ ಹೇರುವ ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ಪದ್ದುವನ್ನು ಮಲಗಿಸಿದರು. ಪಕ್ಕದಲ್ಲಿ ಸುನಂದಮ್ಮ, ಮಡಿಲಲ್ಲಿ ಮುಚ್ಚಿದ ಗಂಜಿ ಪಾತ್ರೆ. ದಾರಿ ಹೇಳಲು ನಾನು. ಗಾಡಿ ಹೊಡೆಯುವ ಕಾಳಯ್ಯನಿಗೆ ಎಲ್ಲಿಗೆಂದು ಹೇಳಬೇಕೋ ಯಾರಿಗೂ ತಿಳಿಯಲಿಲ್ಲ.

"ಎತ್ತುಗಳ್ನೇ ಕೇಳಿ ಬುದ್ಯೋರೆ," ಎಂದ ಕಾಳಯ್ಯ. "ಏನ್ಲಾ ಬಸವ, ನೆಯೂಲಿ ಎಲ್ಲೈತ್ಲಾ? ನೋಡಿ, ತಲೆ ಆಡಿಸ್ತು. ಗೊತ್ತೈತೆ, ಹೇಳಕ್ಕೆ ಒಲ್ಲೆ ಅಂತದೆ."

ಪದ್ದು ಅರ್ಧ ಬಾಯಲ್ಲಿ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೊಂದು ಸಲ. ಸುನಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಕೆರೆ ಏರಿಗೆ ಹೋದೆವು. ಬರಿಗಾಲು ನೆಲಕ್ಕೆ ಮುಟ್ಟಬೇಕು ಎಂದು ನಾನು ಹೇಳಿದ್ದರಿಂದ ಧರಣಪ್ಪನವರು ಅವಳ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದರು. "ಇದಾ ಮಗಳೇ, ನೆಯೂಲಿ?" ಅವಳು ತಲೆ ಅಲ್ಲಾಡಿಸಿದಳು. ತೋಟಕ್ಕೆ ಹೋದೆವು. ಅಲ್ಲ. ಹುಲಿಕೆರೆಯ ಕೊಳದ ಮೆಟ್ಟಿಲಿಗೆ, ಜಾವಗಲ್ ರಸ್ತೆಯ ಆಲದ ಬುಡಕ್ಕೆ, ಶಾಲೆಯ ಹಿಂದಿನ ಬಯಲಿಗೆ. ಆ ದಪ್ಪ ಮನುಷ್ಯ ಪ್ರತಿ ಕಡೆಯೂ ಮಗಳನ್ನು ಇಳಿಸಿ, ನಿಲ್ಲಿಸಿ, ಕೇಳಿ, ಎತ್ತಿ ಮತ್ತೆ ಗಾಡಿಗೆ ಮಲಗಿಸುವುದು. ಬರಬರುತ್ತ ಅವಳ ಪಾದಗಳು ನಿಲ್ಲುವುದನ್ನು ಬಿಟ್ಟು ಮಣ್ಣಿನ ಮೇಲೆ ಎಳೆದಾಡಿದವು. ಉಗುರಿನ ಸಂದಿಯಲ್ಲಿ ಅಷ್ಟೂ ಜಾಗಗಳ ಮಣ್ಣು. ಗದ್ದೆಗಳಲ್ಲಿದ್ದವರು ನಿಂತು ನೋಡಿದರು.

ಕೊನೆಗೆ ಬಸದಿ. ಅಲ್ಲೇ ಇರುತ್ತದೆ ಎಂದು ನನಗೆ ಗ್ಯಾರಂಟಿ ಇತ್ತು. ಕಂಬದ ಮುಂದೆ ಹಿಡಿದು ನಿಲ್ಲಿಸಿದರು. ಪದ್ದು ಕಣ್ಣೆತ್ತಿದಳು. ಎಳೆದುಕೊಂಡ ಬಾಯಿಯನ್ನು ಅವಳು ಅದುವರೆಗೆ ನೋಡಿರಲಿಲ್ಲ. ಮನೆಯ ಕನ್ನಡಿಯನ್ನು ಅಜ್ಜಿ ತೆಗೆದಿಟ್ಟಿದ್ದರು. ಕಂಬದಲ್ಲಿ ಅದು ಇನ್ನೂ ಉದ್ದವಾಗಿ ಕಂಡಿತು. ಒಂದು ಸದ್ದು ಮಾಡಿ ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡಳು. "ನಡೀರಿ, ನಡೀರಿ" ಎಂದರು ಸುನಂದಮ್ಮ.

ಮನೆ ಮುಟ್ಟುವಾಗ ಸೂರ್ಯ ಮುಳುಗಿದ್ದ. ಪಾತ್ರೆಯಲ್ಲಿ ಗಂಜಿ ಹಳಸಿತ್ತು. ಅಂಗಳದಲ್ಲಿ ಕಾಯುತ್ತಿದ್ದ ಅಜ್ಜಿ ಸೊಸೆಯ ಮುಖ ನೋಡಿ, "ಒಲೆ ಹಚ್ಚು. ಬಿಸಿ ಗಂಜಿ ಮಾಡು" ಎಂದರು.

"ಹೊತ್ತು ಮುಳುಗಿದೆಯಲ್ಲ ಅತ್ತೆ."

"ಪಾಪ ನಂಗಿರಲಿ. ಹಚ್ಚು ಅಂದೆ."

ಆ ಮನೆಯಲ್ಲಿ ಕತ್ತಲಾದ ಮೇಲೆ ಬೆಂಕಿ ಉರಿದದ್ದನ್ನು ನಾನು ಕಂಡದ್ದು ಆ ಸಂಜೆ ಮಾತ್ರ. ಅಜ್ಜಿಯೇ ಊದಿ ಊದಿ ಒಂದು ಚಮಚ ತುಟಿಗಿಟ್ಟರು. ಗಂಜಿ ಗಲ್ಲದ ಮೇಲೆ ಇಳಿಯಿತು. ಪದ್ದು ನನ್ನ ಕಡೆ ತಿರುಗಿ ನೆಯೂಲಿ ಎಂದಳು, ನನಗೆ ಗೊತ್ತೇ ಇದೆ ಎನ್ನುವ ಹಾಗೆ. ನಾನು ಗೋಡೆ ನೋಡುತ್ತ ಕೂತೆ.

ಮುಂಗಾರು ಹಿಡಿಯುವ ಮೊದಲೇ ಅವಳು ಹೋದಳು. ಮಕ್ಕಳು ನೋಡಬಾರದೆಂದು ನನ್ನನ್ನು ಹಾರನಹಳ್ಳಿಯ ಸೋದರಮಾವನ ಮನೆಗೆ ಕಳಿಸಿದ್ದರು. ತಿರುಗಿ ಬಂದಾಗ ಅವರ ಅಂಗಳದಲ್ಲಿ ಕೊಬ್ಬರಿ ಒಣಗುತ್ತಿತ್ತು, ಅಷ್ಟೆ.

ಧರಣಪ್ಪನವರು ಬೇಗ ತೀರಿಕೊಂಡರು. ಸುನಂದಮ್ಮ ಬಹಳ ವರ್ಷ ಬಾಳಿದರು. ಯಾತ್ರೆ ಮುಗಿಸಿ ಬಂದಾಗೆಲ್ಲ ಬಟ್ಟೆ ಹೊಲಿಸುವ ನೆಪದಲ್ಲಿ ನಮ್ಮಂಗಡಿಗೆ ಬರುವರು. "ಕಾರ್ಕಳಕ್ಕೆ ಹೋಗಿದ್ದೆ ಕಣೇ. ಬರಿಗಾಲಲ್ಲಿ ನಿಂತು ನೆಯೂಲಿ ಅಂತ ಹೇಳಿ ನೋಡಿದೆ. ಅಲ್ಲ ಅನ್ನಿಸ್ತು." ಇನ್ನೊಮ್ಮೆ ಸಮುದ್ರದ ದಂಡೆ. ಅದೂ ಅಲ್ಲ.

ಈಗ ಸೆಪಾಲಿಯಲ್ಲಿ ಸೈಟುಗಳಾಗಿವೆ. ಮಿಂದೋರೆ ಅಗಲವಾಗಿ ಆಲದ ಸಾಲು ಹೋಗಿದೆ. ನಮ್ಮ ಪದಗಳಲ್ಲಿ ಬಹಳಷ್ಟು ನನಗೇ ಮರೆತುಹೋಗಿವೆ. ಜ್ಞಾಪಿಸಲು ಇನ್ನೊಬ್ಬರಿಲ್ಲದ ಭಾಷೆ ಎಷ್ಟು ದಿನ ಉಳಿದೀತು?

ಸುನಂದಮ್ಮನವರನ್ನು ಕಡೆಯ ಸಲ ಕಂಡಾಗ ಅವರು ಹಾಸಿಗೆ ಹಿಡಿದಿದ್ದರು. ನನ್ನ ಕೈಯನ್ನು ತಮ್ಮ ಒಣ ಕೈಯಲ್ಲಿ ಇಟ್ಟುಕೊಂಡು, ಸಿಟ್ಟಿಲ್ಲದೆ, ಅಡಿಗೆಮನೆಯ ಮಾತು ಹೇಳುವ ಹಾಗೆ ಹೇಳಿದರು:

"ಶಾರಿ, ಅವತ್ತು ಯಾವುದಾದರೂ ಒಂದು ಜಾಗ ಹೇಳಿಬಿಡಬಹುದಾಗಿತ್ತಲ್ಲೇ. ಸುಳ್ಳಾದ್ರೂ ನಾನು ನಂಬ್ತಿದ್ದೆ."

ಹತ್ತು ವರ್ಷದ ಹುಡುಗಿಗೆ ಅದು ತೋಚಿರಲಿಲ್ಲ. ಈಗಾದರೆ ಎಷ್ಟು ಬೇಕಾದರೂ ಜಾಗ ಹೇಳಬಲ್ಲೆ. ಕೇಳುವವರಿಲ್ಲ.