ಸೋದರತ್ತೆ ತಿಂದ ಗುದ್ದು

ಬೆಳಗಿನ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಯರಗುಪ್ಪಿಯ ಮೈಲಾರಿ ತನ್ನ ಗಿರಣಿಯಲ್ಲಿ ಪಕ್ಕದ ಮನೆಯ ಖಾಸಿಂಬಿಯ ಜೋಳ ಬೀಸುತ್ತಿದ್ದ. ಆಗಲೇ ಕರೆಂಟು ಹೋಯಿತು. ಬೆಲ್ಟು ನಿಧಾನವಾಗಿ ನಿಂತಿತು, ಕಲ್ಲು ನಿಂತಿತು. ಸದ್ದು ಮಾತ್ರ ನಿಲ್ಲಲಿಲ್ಲ. ಹೊರಗೆ ಯಾರೋ ರಾಗ ತೆಗೆದು ಅಳುತ್ತಿದ್ದರು.

“ನನಗಿಂತ ಮದ್ಲ ಹ್ಯಾಂಗ ಹೋದೀಯೇ ನನ್ನ ಮಲ್ಲೀ... ತೊಟ್ಟಿಲದಾಗ ಹೆಸರಿಟ್ಟ ಕೈಲೇ ಬುತ್ತಿ ತರೂಹಂಗ ಮಾಡಿದೆಲ್ಲೇ...”

“ಯಾರ ಸತ್ತಾರಲೇ?” ಖಾಸಿಂಬಿ ಗಾಬರಿಯಿಂದ ಕೇಳಿದಳು.

ಮೈಲಾರಿ ಕಿವಿಗೊಟ್ಟು ಕೇಳಿದ. “ನಾನs ಇರಬೇಕು, ಕಾಕೂ” ಅಂದ.

ದನಿ ಮಿಶ್ರಿಕೋಟಿಯ ಅನ್ನವ್ವನದು. ಅವಳು ಮೈಲಾರಿಯ ತಂದೆಯ ಅಕ್ಕ, ಅಂದರೆ ಸೋದರತ್ತೆ. ಮಲ್ಲಿ ಎಂಬುದು ಅವನ ಹಳೆಯ ಹೆಸರು.

ಮೂವತ್ತೊಂದು ವರ್ಷಗಳ ಹಿಂದೆ ಅವನು ಹುಟ್ಟಿದಾಗ ಹೆಣ್ಣು ಎಂದು ಬರೆಸಿದ್ದರು. ಅನ್ನವ್ವ ತೀರಿಹೋದ ತನ್ನ ತಾಯಿಯ ಹೆಸರನ್ನೇ ಎತ್ತಿ ಮಲ್ಲಮ್ಮ ಎಂದು ಹೆಸರಿಟ್ಟಿದ್ದಳು. ತಾನು ಗಂಡು ಎಂಬುದು ಅವನಿಗೆ ಶಾಲೆಗೆ ಹೋಗುವ ಮೊದಲೇ ಗೊತ್ತಿತ್ತು. ಸರಕಾರಕ್ಕೆ ಗೊತ್ತಾಗಲು ಕಾಗದ ಬೇಕಾಯಿತು. ವೈದ್ಯರ ಪತ್ರ, ಅಫಿಡವಿಟ್ಟು, ಧಾರವಾಡದ ಡಿಸಿ ಕಚೇರಿಯ ಪ್ರಮಾಣಪತ್ರ. ಹೆಸರು ಮೈಲಾರಿ, ಲಿಂಗ ಪುರುಷ. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಕ್ಕಿ ಡಬ್ಬಿಯ ಮೇಲೆ ಇಟ್ಟಿದ್ದ. ತಾಯಿ ಮಾದೇವಿ ಮೊದಮೊದಲು ಅತ್ತಳು, ಆಮೇಲೆ ಒಪ್ಪಿದಳು. ಕೊನೆಗೆ ಅವಳದು ಉಳಿದದ್ದು ಒಂದೇ ತಕರಾರು: “ಇನ್ನೊಂದೀಟು ದಿನ ತಡಿಬಾರದೇನಪಾ? ಈಗರ ಬಸ್ಸು ಹೆಣ್ಮಕ್ಕಳಿಗೆ ಪುಕ್ಕಟೆ ಆಗೇತಿ.”

ಊರಿಗೂ ರೂಢಿಯಾಗಿತ್ತು. ಹಿಟ್ಟು ನುಣ್ಣಗೆ ಬಂದರೆ ಸಾಕು, ಬೀಸುವವನ ಕಾಗದ ಯಾರು ಕೇಳುತ್ತಾರೆ? ತಿಳಿಸಬೇಕಾಗಿ ಉಳಿದವಳು ಅನ್ನವ್ವ ಒಬ್ಬಳೇ. ಅಪ್ಪ ತೀರಿದ ಮೇಲೆ ಅವನು ಗಿರಣಿ ಹಾಕಿದಾಗ ಊರು ನಕ್ಕಿತ್ತು. ಆಗ ಮಿಶ್ರಿಕೋಟಿಯಿಂದ ಎರಡು ಬಸ್ಸು ಬದಲಿಸಿ, ಚೀಲ ಹೊತ್ತು ತಂದು, ಮೊದಲ ಜೋಳ ಬೀಸಿಸಿದವಳು ಅವಳು. ಅಂಥವಳು ಬರುವುದನ್ನೇ ಬಿಟ್ಟರೆ? ಅದಕ್ಕಾಗಿ ಅವನು ಮಾತನ್ನು ಮುಂದೆ ಹಾಕುತ್ತ ಬಂದ. ಅಂಗಿ-ಪ್ಯಾಂಟು ಕಂಡರೆ, ಮಷೀನಿನ ಕೆಲಸಕ್ಕೆ ಅದೇ ಸರಿ ಎನ್ನುತ್ತಿದ್ದಳು. ಔಷಧದಿಂದ ಅವನ ದನಿ ಒಡೆದಾಗ ಗಿರಣಿಯ ಧೂಳು ಕುಡಿದದ್ದೇ ಕಾರಣ ಎಂದು ಕಷಾಯದ ಪುಡಿ ಕಳಿಸಿದಳು. ಅವನು ಅದನ್ನು ತಪ್ಪದೆ ಕುಡಿದ. ದನಿ ಮತ್ತಷ್ಟು ಗಟ್ಟಿಯಾಯಿತು.

ಶಾಲೆಯ ಅಂಕಪಟ್ಟಿ ತಿದ್ದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕೆಂದರು. ಮೈಲಾರಿ ಕೊಟ್ಟ. ಬರೀ ಅಕ್ಷರವಿದ್ದರೆ ಯಾವ ಮೈಲಾರಿಯೋ ಎಂದು ಅನುಮಾನ ಬರುತ್ತದಲ್ಲ, ಆದ್ದರಿಂದ ಫೋಟೋ ಸಹಿತ ಕೊಟ್ಟ. ಅಲ್ಲಿಯೇ ಎಡವಿದ. ಜಾಗ ಖಾಲಿ ಇದ್ದದ್ದು ನಿಧನವಾರ್ತೆಯ ಪುಟದಲ್ಲಿ. ಆ ಪುಟದಲ್ಲಿ ಫೋಟೋ ಬಂದಿತೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ.

ಓದು ಬಾರದ ಅನ್ನವ್ವ ಚಹಾದಂಗಡಿಯ ಪೇಪರಿನಲ್ಲಿ ಫೋಟೋ ನೋಡಿದಳು. ಫೋನು ಮಾಡಿಸಿದಳು, ಗಿರಣಿಯ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಎತ್ತದಿದ್ದದ್ದೇ ಖಾತ್ರಿಯಾಯಿತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದು, ಬೀಗರು ಬುತ್ತಿ ಒಯ್ಯಬೇಕು. ರೊಟ್ಟಿ ಬಡಿದು, ಜುಣಕ ಮಾಡಿ, ಗಂಡ ಹೊಳೆಪ್ಪನ ತಲೆಯ ಮೇಲೆ ಬುಟ್ಟಿ ಹೊರಿಸಿ ಬಸ್ಸು ಹತ್ತಿದಳು.

ಮೈಲಾರಿ ಹೊರಗೆ ಬಂದ. ಕೂದಲು, ಹುಬ್ಬು, ಮೀಸೆ ಎಲ್ಲ ಹಿಟ್ಟು ಮೆತ್ತಿ ಬೆಳ್ಳಗಾಗಿತ್ತು. “ಅತ್ತಿ, ನಾ ಸತ್ತಿಲ್ಲ” ಎಂದ.

ಅನ್ನವ್ವ ಕಿರುಚಿ ಗಂಡನ ಹಿಂದೆ ಅಡಗಿದಳು. “ದೆವ್ವ ಬಂತು! ನೀವು ಮುಂದ ಹೋಗ್ರಿ!”

ಹೊಳೆಪ್ಪ ಬುಟ್ಟಿ ಇಳಿಸಿ, ದೆವ್ವದ ರಟ್ಟೆ ಚಿವುಟಿ, ಬೆರಳನ್ನು ಮೂಸಿ ನೋಡಿದ. “ದೆವ್ವಲ್ಲ. ಬಿಳಿಜ್ವಾಳದ ಹಿಟ್ಟು.”

“ಹಂಗಾರ ಪೇಪರನ್ಯಾಗ ಫೋಟೋ ಯಾಕ ಬಂತು?”

ಇನ್ನು ಮುಂದೆ ಹಾಕಲು ಏನೂ ಉಳಿದಿರಲಿಲ್ಲ. ಮೈಲಾರಿ ಗಿರಣಿಯೊಳಗಿಂದ ತನ್ನ ಪೇಪರು ತಂದು, ಮಲ್ಲಮ್ಮ ಎಂಬ ತಾನು ಇನ್ನು ಮೇಲೆ ಮೈಲಾರಿ, ಗಂಡಸು ಎಂಬುದನ್ನು ನಿಂತಲ್ಲೇ ಓದಿದ. ಆಮೇಲೆ ಪೇಪರು ಮಡಚಿ, ತನ್ನ ಬಾಯಿಂದಲೂ ಒಮ್ಮೆ ಹೇಳಿದ.

ಅನ್ನವ್ವ ಕಟ್ಟೆಯ ಮೇಲೆ ಕುಳಿತಳು. “ಅಂದ್ರ ನಮ್ಮವ್ವನ ಹೆಸರು ಒಗದಿ” ಎಂದಳು.

ಅವನು ಹೆದರಿದ್ದೇ ಇದಕ್ಕೆ. “ಒಗದಿಲ್ಲತ್ತಿ. ಮ್ಯಾಲೆ ನೋಡು” ಎಂದು ಬಾಗಿಲ ಮೇಲಿನ ಹೊಸ ಬೋರ್ಡು ತೋರಿಸಿದ. ಹೊಳೆಪ್ಪ ಅಕ್ಷರ ಕೂಡಿಸಿ ಓದಿದ: “ಮಲ್ಲಮ್ಮ ಹಿಟ್ಟಿನ ಗಿರಣಿ. ಮಾಲಕರು, ಮೈಲಾರಿ.”

“ಆಯಿ ಹೆಸರು ನನಗ ಹೊಂದಲಿಲ್ಲತ್ತಿ. ಗಿರಣಿಗೆ ಬರೋಬ್ಬರಿ ಹೊಂದೇತಿ.”

“ನಮ್ಮತ್ತಿನೂ ಹಂಗs ಇದ್ಲು” ಎಂದ ಹೊಳೆಪ್ಪ ಅತ್ತೆಯನ್ನು ನೆನೆದು. “ಚಾಲೂ ಆದ್ಲಂದ್ರ ಬಾಜೂದವ್ರ ಮಾತು ಕೇಳ್ತಿರಲಿಲ್ಲ.”

ಅನ್ನವ್ವ ಗಂಡನನ್ನು ದುರುಗುಟ್ಟಿ ನೋಡಿದಳು. ಕಣ್ಣು ಒರೆಸಿಕೊಂಡು ಮೈಲಾರಿಯ ಕಡೆ ತಿರುಗಿದಳು. ಈಗ ಅವಳ ದನಿಯಲ್ಲಿ ದುಃಖವಿರಲಿಲ್ಲ, ಸಿಟ್ಟಿತ್ತು. “ನಾ ಇರಲಾರದ ನಿನಗ ಹೆಸರು ಯಾರ ಇಟ್ರಲೇ?”

“ಡಿಸಿ ಸಾಹೇಬ್ರು.”

“ಅವನೇನು ನಿನ್ನ ಸೋದರತ್ತಿಯೇನು? ಕಿವ್ಯಾಗ ಕುರ್ರ್ ಅಂದಾನೇನು? ಬೆನ್ನಾಗ ಗುದ್ದು ತಿಂದಾನೇನು?”

ಮೈಲಾರಿ ಒಪ್ಪಿಕೊಳ್ಳಬೇಕಾಯಿತು. ಡಿಸಿ ಸಾಹೇಬರು ಇದಾವುದನ್ನೂ ಮಾಡಿರಲಿಲ್ಲ.

“ಕೂಡ್ರು ಇಲ್ಲೆ” ಎಂದಳು ಅನ್ನವ್ವ.

ಹೊಲದಿಂದ ಓಡಿಬಂದ ಮಾದೇವಿ ಕಂಡದ್ದು ಇಷ್ಟು: ಮೂವತ್ತೊಂದು ವರ್ಷದ ಮಗ ಜೋಳದ ಚೀಲದ ಮೇಲೆ ತಲೆ ತಗ್ಗಿಸಿ ಕುಳಿತಿದ್ದಾನೆ, ನಾದಿನಿ ಅವನ ಕಿವಿಗೆ ಬಾಯಿಟ್ಟಿದ್ದಾಳೆ. “ಕುರ್ರ್... ಮೈಲಾರಿ. ಕುರ್ರ್... ಮೈಲಾರಿ.” ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಉಳಿದ ಹೆಂಗಸರು ಗುದ್ದುವುದು ವಾಡಿಕೆ. ಖಾಸಿಂಬಿ ಮೆಲ್ಲಗೆ ಒಂದು ಗುದ್ದಿದಳು. ಮಾದೇವಿ ಏನು ಎತ್ತ ಎಂದು ಕೇಳದೆ ಸೆರಗು ಸಿಕ್ಕಿಸಿ ಕೈಗೂಡಿಸಿದಳು.

“ಐದಾದುವಲ್ಲಬೇ, ಸಾಕು!” ಅನ್ನವ್ವ ಕೂಗಿದಳು.

“ಇವು ಹಿಂದಿನ ಬಾಕಿ, ಯಕ್ಕಾ. ಹ್ವಾದ ಸಲ ನಾ ಬಾಣಂತಿ, ಗುದ್ದಾಕ ಕೈಯಾಗ ಶಕ್ತಿ ಇರಲಿಲ್ಲ.”

ಸಾವಿನ ಬುತ್ತಿಯನ್ನು ತಿರುಗಿ ಒಯ್ಯುವಂತಿಲ್ಲ. ಗಿರಣಿಯಲ್ಲೇ ಬಿಚ್ಚಿ ಎಲ್ಲರೂ ಉಂಡರು. ಸಿಹಿ ಇಲ್ಲದ ನಾಮಕರಣ ಎಂಥದ್ದೆಂದು ಖಾಸಿಂಬಿ ಮನೆಯಿಂದ ಸಕ್ಕರೆ ತಂದಳು. ಸಂಜೆ ಬಸ್ಸು ಹತ್ತುವಾಗ ಅನ್ನವ್ವ ಬೆನ್ನು ಹಿಡಿದುಕೊಂಡೇ ಕಿಟಕಿಯಿಂದ ಕೂಗಿ ಹೇಳಿದಳು: “ಮೈಲಾರೀ, ಕಷಾಯ ಬಿಡಬ್ಯಾಡ! ದನಿ ಚಲೋ ಆಗೇತಿ!”

ಮುಂದಿನ ವಾರ ಮೈಲಾರಿ ಕುಂದಗೋಳದ ಆಧಾರ್ ಕೇಂದ್ರಕ್ಕೆ ಹೋದ. ಕಂಪ್ಯೂಟರಿನ ಮುಂದಿದ್ದ ಇರಮ್ ಎಂಬ ಹುಡುಗಿ ಪ್ರಮಾಣಪತ್ರ ನೋಡಿ, ಹೆಸರು, ಲಿಂಗ ಎರಡನ್ನೂ ತಿದ್ದಿ, “ಹೆಸರು ಡಿಸಿ ಸಾಹೇಬ್ರs ಇಟ್ಟಾರೇನ್ರಿ?” ಎಂದು ನಗುತ್ತ ಕೇಳಿದಳು.

“ಅವ್ರು ಕಾಗದಾ ಕೊಟ್ರು. ಇಟ್ಟಾಕಿ ನಮ್ಮ ಸೋದರತ್ತಿ.”

“ಹಂಗಾರ ಗುದ್ದು ಬಿದ್ದಿರಬೇಕಲ್ರಿ. ಎಷ್ಟು?”

ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿದರು. ಕಷಾಯ ಕುಡಿದ ದನಿಯಲ್ಲಿ, ಕೊನೆಯಲ್ಲಿ ನಿಂತವನಿಗೂ ಕೇಳುವ ಹಾಗೆ ಮೈಲಾರಿ ಹೇಳಿದ:

“ಒಂಬತ್ತು.”